ಎಂಜಲಿನ ಕೊಳವೆ

ಅಂಡಮಾನಿಗೆ ಹೋಗಿ ಬಂದವರೆಲ್ಲ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದೇ. ಅದರಲ್ಲಿ ನಾನು ದೋಣಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಮುಖ ಊದಿಸಿಕೊಂಡು ಕೂತಿದ್ದೇನೆ. ಮಗಳು ತೆಗೆದದ್ದು. ಅದನ್ನು ಅವಳು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು, ಎಲ್ಲರೂ ನಕ್ಕರು. ನಗಲಿ. ಆ ಹೊತ್ತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು ಅಂತ ನಕ್ಕವರಿಗೆ ಹೇಗೆ ಗೊತ್ತಾಗಬೇಕು.

ನಮ್ಮದು ಚೆನ್ನೈನ ಟಿ. ನಗರದ ಒಂದು ಅಡ್ಡರಸ್ತೆಯಲ್ಲಿರುವ ಸಸ್ಯಾಹಾರಿ ಹೋಟೆಲು. ನನ್ನ ಮಾವ ಉಡುಪಿ ಕಡೆಯಿಂದ ಬಂದು ಹಾಕಿದ್ದು, ಈಗ ನನ್ನ ಗಂಡ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುತ್ತಾರೆ ಎಂದರೆ ಅದನ್ನು ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಮನೆ ಇರುವುದು ಪಲ್ಲಾವರದಲ್ಲಿ. ತಾರಸಿಯಲ್ಲಿ ಸಂಡಿಗೆ ಒಣಹಾಕಿದರೆ ವಿಮಾನಗಳು ತಲೆ ಸವರಿಕೊಂಡೇ ಹೋಗುತ್ತವೆ. ಅವುಗಳ ಹೊಟ್ಟೆಯನ್ನು ನೋಡುತ್ತಲೇ ನನಗೆ ಐವತ್ತು ದಾಟಿತು. ಊರಿಗೆ ಹೋಗುವುದಾದರೂ ಒಬ್ಬರು ಹೋದರೆ ಇನ್ನೊಬ್ಬರು ಇಲ್ಲೇ. ಇಬ್ಬರೂ ಹೊರಟರೆ ಗಲ್ಲಾದಲ್ಲಿ ಕೂರುವವರು ಯಾರು, ಸಾಂಬಾರಿನ ಹದ ನೋಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ನನ್ನಲ್ಲಿ ಆಸೆ ಹುಟ್ಟಿಸಿದ್ದು ಮಗಳು. ಅವಳು ನುಂಗಂಬಾಕ್ಕದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟು. ಗೆಳತಿಯರ ಜೊತೆ ಅಂಡಮಾನಿಗೆ ಹೋಗಿ ಬಂದವಳು ನೀರಿನ ಅಡಿಯಲ್ಲಿ ತೆಗೆದ ವಿಡಿಯೋ ತೋರಿಸಿದಳು. ಹಳದಿ ಮೀನುಗಳ ಹಿಂಡು ಒಂದು ಹವಳದ ಗುಡ್ಡವನ್ನು ಸುತ್ತುತ್ತಿತ್ತು. ನಾನು ಹುಟ್ಟಿದ್ದು ಕಡಲಿನ ಬದಿಯಲ್ಲಿ, ಬದುಕಿದ್ದು ಕಡಲಿನ ಬದಿಯಲ್ಲಿ. ಆದರೆ ನನಗೆ ಗೊತ್ತಿರುವ ಕಡಲು ಎಂದರೆ ಅಮಾವಾಸ್ಯೆಗೆ ಮೂಗು ಹಿಡಿದು ಮುಳುಗಿ ಏಳುವುದು, ಇಲ್ಲವೇ ಮರಳಿನ ಮೇಲೆ ಕೂತು ಬೇಯಿಸಿದ ಕಡಲೆಯ ಸುಂಡಲ್ ತಿನ್ನುವುದು. ಒಳಗೆ ಇಷ್ಟೆಲ್ಲ ಇದೆಯೆಂದು ಯಾರೂ ಹೇಳಿರಲಿಲ್ಲ. ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಒಮ್ಮೆ ನನ್ನ ಕಣ್ಣಿನಿಂದಲೇ ನೋಡಬೇಕು, ಇವರನ್ನೂ ಜೊತೆಗೆ ಕರೆದುಕೊಂಡು ನೋಡಬೇಕು ಎಂದು ಹಟ ಬಂತು. ಗಂಡ ಹೆಂಡತಿ ಒಟ್ಟಿಗೆ ನೋಡಿದ್ದು ಎಂದು ನಮಗೂ ಏನಾದರೂ ಒಂದು ಇರಬೇಡವೇ?

ಅದಕ್ಕಾಗಿ ಈಜು ಕಲಿತೆ. ಸಂಜೆ ಹೆಂಗಸರಿಗೆಂದೇ ಬಿಟ್ಟಿದ್ದ ಹೊತ್ತಿನಲ್ಲಿ ಒಂದು ಕೊಳಕ್ಕೆ ಹೋಗಿ, ಮೊಮ್ಮಕ್ಕಳ ವಯಸ್ಸಿನ ಹುಡುಗಿಯರ ನಡುವೆ ಕಂಬಿ ಹಿಡಿದು ಕಾಲು ಬಡಿದೆ. ಕುಡಿದ ಕ್ಲೋರಿನ್ ನೀರಿಗೆ ಲೆಕ್ಕವಿಲ್ಲ. ನೆರೆಮನೆಯಾಕೆ "ಇಂದ ವಯಸ್ಸುಲ ಎದುಕ್ಕು ಮಾಮಿ?" ಎಂದು, ಈ ವಯಸ್ಸಿನಲ್ಲಿ ಯಾಕೆ ಎಂದು, ಕೇಳಿದಾಗೆಲ್ಲ ನಕ್ಕು ಚೀಲ ಹೆಗಲಿಗೇರಿಸಿ ಹೊರಟೆ. ಕೊನೆಗೆ ಮುಖ ನೀರಿನಲ್ಲಿಟ್ಟು ತೇಲುವುದು ಬಂತು. ಆ ದಿನ ಬಸ್ಸಿನಲ್ಲಿ ಒದ್ದೆ ತಲೆಯಲ್ಲೇ ಒಬ್ಬಳೇ ನಗುತ್ತಾ ಮನೆಗೆ ಬಂದೆ.

ಕೊನೆಗೆ ಮಗಳೇ ಟಿಕೆಟ್ ತೆಗೆದು ಮುಂದಿಟ್ಟ ಮೇಲೆ, ಹೋಟೆಲನ್ನು ಅಡುಗೆಯ ಭಟ್ಟರಿಗೆ ಒಪ್ಪಿಸಿ ಇವರೂ ಹೂಂ ಎಂದರು. ಹೊರಡುವ ವಾರ ಈಜಿನ ಬಟ್ಟೆ ಕೊಳ್ಳಲು ಮೂವರೂ ಟಿ. ನಗರದ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ಗೋಡೆಗೆ ಸ್ನಾರ್ಕೆಲ್ ತೂಗುಹಾಕಿದ್ದರು. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಜೊತೆಗೆ ಬಾಯಿಗೆ ಕಚ್ಚಿಕೊಂಡು ಉಸಿರಾಡುವ ಕೊಳವೆ. ನಾನು ಅದನ್ನು ಮುಟ್ಟಿದ್ದೇ ತಡ, ಇವರು "ಎಂತಕ್ಕೆ ಸುಮ್ಮನೆ? ಅಲ್ಲೇ ಕೊಡ್ತಾರಂತೆ" ಎಂದರು. ಹೇಳಿದವರೇ ಪಕ್ಕದ ಅಂಗಡಿಯಲ್ಲಿ ದೊಡ್ಡ ಸ್ಟೀಲ್ ಫ್ಲಾಸ್ಕು ಕೊಂಡರು. ಹೊರಗಿನ ನೀರು ಅವರಿಗೆ ಆಗುವುದಿಲ್ಲ. ಎಲ್ಲಿ ಹೋದರೂ ಕುದಿಸಿದ ನೀರು ಬೆನ್ನಿಗೇ ಇರಬೇಕು.

ಅಂಡಮಾನಿನಲ್ಲಿ ನಮಗಿದ್ದದ್ದು ನಡುವಿನ ಒಂದೇ ದಿನ. ಮರುದಿನ ಬೆಳಿಗ್ಗೆಯೇ ಚೆನ್ನೈಗೆ ವಾಪಸು, ಯಾಕೆಂದರೆ ಹೋಟೆಲು. ಆ ಒಂದು ದಿನವಾದರೂ ಸರಿಯಾಗಿ ಶುರುವಾಯಿತೇ? ದೋಣಿ ಕಟ್ಟೆಯಲ್ಲಿ ಕಾಯುತ್ತಿದೆ, ಇವರು ಕಟ್ಟೆಯ ತುದಿಯಲ್ಲಿ ಫೋನು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದಾರೆ. ಅಡುಗೆಯ ಭಟ್ಟರು ಸಾಂಬಾರಿಗೆ ಬೆಲ್ಲ ಎಷ್ಟು ಎಂದು ಕೇಳಿದರಂತೆ. ಮಾವನ ಕಾಲದಿಂದ ಸಾಂಬಾರು ಮಾಡುತ್ತಿರುವ ಮನುಷ್ಯ, ಅವತ್ತೇ ಬೆಲ್ಲ ಕೇಳಬೇಕೇ! ದೋಣಿಯವನು ತಮಿಳಿನವನೇ, ನಮ್ಮವರ ಓರಗೆಯವನು. ಅವನೇ ನಮ್ಮನ್ನು ನೀರಿಗಿಳಿಸುವವನೂ ಆಗಿದ್ದ. "ತಣ್ಣಿ ಇರಂಗುದು ಸಾರ್, ಶೀಕ್ರಂ" ಎಂದು, ನೀರು ಇಳಿಯುತ್ತಿದೆ ಬೇಗ ಬನ್ನಿ ಎಂದು, ಕೂಗಿ ಕೂಗಿ ಸೋತ. ಇಳಿತ ಜೋರಾದರೆ ಹವಳದ ದಿಬ್ಬದ ಮೇಲೆ ನೀರು ಸಾಲದೆ ದೋಣಿ ಹೊರಗೆ ಬರಲು ಆಗುವುದಿಲ್ಲವಂತೆ. ಇವರು ಬಂದು ಕೂರುವಷ್ಟರಲ್ಲಿ ನಮ್ಮ ಹೊತ್ತಿನಲ್ಲಿ ಅರ್ಧ ಮುಗಿದಿತ್ತು.

ಆದರೂ ಲಗೂನಿನ ಒಳಗೆ ದೋಣಿ ತಿರುಗಿದ ಕೂಡಲೇ ನನ್ನ ಕೋಪ ಇಳಿಯಿತು. ಹೊರಗೆ ಹವಳದ ದಿಬ್ಬಕ್ಕೆ ಅಲೆಗಳು ಬಡಿದು ಬಿಳಿ ಗೆರೆಯಾಗುತ್ತಿದ್ದವು. ಒಳಗೆ ಮಾತ್ರ ನೀರು ಅಲ್ಲಾಡದೆ ಮಲಗಿತ್ತು. ಎಂಜಿನ್ ನಿಲ್ಲಿಸಿದಾಗ ದೋಣಿಯ ನೆರಳು ಕೆಳಗಿನ ಮರಳಿನ ಮೇಲೆ ಬಿದ್ದದ್ದು ಕಂಡಿತು. ಮಗಳು ತನ್ನ ಮುಖವಾಡ ಕೊಳವೆ ಹಾಕಿಕೊಂಡು, ನಮ್ಮ ಕಡೆ ಕೈ ಬೀಸಿ, ಧುಡುಂ ಎಂದು ಹಾರಿಯೇಬಿಟ್ಟಳು.

ದೋಣಿಯವನು ನನ್ನ ಮುಖವಾಡ ಕೈಗೆತ್ತಿಕೊಂಡ. ಗಾಜನ್ನು ತನ್ನ ಕಡೆ ತಿರುಗಿಸಿದ. ಥೂ ಎಂದು ಅದರೊಳಗೆ ಉಗುಳಿದ! ಬೆರಳಿನಿಂದ ಚೆನ್ನಾಗಿ ಸವರಿ, ಸಮುದ್ರದಲ್ಲಿ ಒಮ್ಮೆ ಅದ್ದಿ, ನನ್ನ ಮುಂದೆ ಹಿಡಿದ. ಹೀಗೆ ಮಾಡಿದರೆ ಗಾಜಿಗೆ ಮಂಜು ಹಿಡಿಯುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ವಿವರಿಸಿದ. ಆಮೇಲೆ ಕೊಳವೆ ಕೊಟ್ಟ. ಅದರ ರಬ್ಬರಿನ ತುದಿಯಲ್ಲಿ ಯಾರು ಯಾರದೋ ಹಲ್ಲಿನ ಗುರುತು ಇತ್ತು.

ಎಂಜಲು ಎಂದರೆ ನಮಗೆ ಏನೆಂದು ಆ ಮನುಷ್ಯನಿಗೆ ಗೊತ್ತಿರಲಿಕ್ಕಿಲ್ಲ. ಲೋಟ ತುಟಿಗೆ ತಾಗಿದರೆ ಅಜ್ಜಿಯಿಂದ ತಲೆಗೆ ಮೊಟಕು ಬೀಳುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಇವತ್ತಿಗೂ ಕಾಫಿಯನ್ನು ಎತ್ತಿ ಹೊಯ್ದುಕೊಂಡೇ ಕುಡಿಯುತ್ತೇನೆ, ಒಂದು ಹನಿ ಸೀರೆಗೆ ಬೀಳುವುದಿಲ್ಲ. ಇವರಂತೂ ನನಗಿಂತ ಒಂದು ಕೈ ಹೆಚ್ಚು. ದಿನವಿಡೀ ಊರಿನವರ ಎಂಜಲು ತಟ್ಟೆಗಳ ನಡುವೆ ಓಡಾಡುವ ಮನುಷ್ಯ, ಮನೆಗೆ ಬಂದರೆ ತನ್ನ ಲೋಟವನ್ನು ಬೇರೆಯೇ ಗೂಟದ ಮೇಲೆ ಕವುಚಿ ಇಡುತ್ತಾರೆ. ಈಜು ಕಲಿತೆ, ಬಟ್ಟೆ ಕೊಂಡೆ, ಭಯ ಬಿಟ್ಟೆ. ಬಾಯಿಗೆ ಏನು ಬರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಕೊಳವೆ ಕೈಯಲ್ಲಿ ಹಿಡಿದು ಹಾಗೇ ಕೂತೆ.

"ಎಷ್ಟು ಜನ ಬಾಯಿಗಿಟ್ಟಿದ್ದಾರೋ ಏನೋ ಮಾರಾಯ್ತಿ" ಎಂದರು ಇವರು.

"ಗೊತ್ತುಂಟು. ನೀವು ಸುಮ್ಮನಿರಿ. ನಾನು ಮನಸ್ಸು ಮಾಡ್ತಾ ಇದ್ದೇನೆ."

"ಮನಸ್ಸು ಎಂತ ಮಾಡ್ಲಿಕ್ಕೆ ಉಂಟು? ತೊಳೆದ್ರಾಯ್ತು. ಇಲ್ಲಿ ಕೊಡು."

ನಾನು ಬೇಡ ಎನ್ನುವ ಮೊದಲೇ ನನ್ನದು, ಅವರದು, ಎರಡೂ ಕೊಳವೆಗಳು ಅವರ ಕೈಯಲ್ಲಿದ್ದವು. ನಮ್ಮ ಹೋಟೆಲಿನಲ್ಲಿ ಚಮಚಗಳನ್ನು ಗಿರಾಕಿಯ ಕಣ್ಣೆದುರೇ ಬಿಸಿನೀರಿನ ಲೋಟದಲ್ಲಿಟ್ಟು ಕೊಡುವುದು ಪದ್ಧತಿ. ಇವರು ಅದರ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ಫ್ಲಾಸ್ಕು ತೆರೆದರು. ಹೊಸದಲ್ಲವೇ, ಬೆಳಿಗ್ಗೆ ತುಂಬಿದ ನೀರು ಇನ್ನೂ ಹೊಗೆಯಾಡುತ್ತಿತ್ತು. ಎರಡೂ ಕೊಳವೆಗಳನ್ನು ಜೋಡಿಸಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಹೊಯ್ದರು, ಸಾಲದೆಂದು ತಿರುಗಿಸಿ ಇನ್ನೊಮ್ಮೆ ಹೊಯ್ದರು. ಅಗ್ಗದ ಪ್ಲಾಸ್ಟಿಕ್ಕು. ನೋಡುನೋಡುತ್ತಿದ್ದಂತೆ ಬೆಂದ ನುಗ್ಗೆಕಾಯಿಯ ಹಾಗೆ ಬಾಗಿತು. ರಬ್ಬರಿನ ತುದಿ ಸಡಿಲಾಗಿ ಕಳಚಿ ಟಪ್ಪೆಂದು ಸಮುದ್ರಕ್ಕೆ ಬಿತ್ತು.

"ಸಾರ್! ಎನ್ನ ಪಣ್ಣೀಟ್ಟೀಂಗ!", ಏನು ಮಾಡಿಬಿಟ್ಟಿರಿ ಎಂದು ದೋಣಿಯವನು ತಲೆಯ ಮೇಲೆ ಕೈ ಹೊತ್ತ. ದೋಣಿಯಲ್ಲಿದ್ದದ್ದು ಮೂರೇ. ಬೇರೆ ತರಲು ಕಟ್ಟೆಗೆ ಹೋಗಿ ಬರಬೇಕು, ಅಷ್ಟರಲ್ಲಿ ನೀರು ಇಳಿದಿರುತ್ತದೆ. ಇವರು ಬಾಗಿದ ಕೊಳವೆಗಳನ್ನು ಬಿಸಿಲಿಗೆ ಹಿಡಿದು ನೇರ ಮಾಡಲು ನೋಡಿದರು. "ಇದು ಕ್ವಾಲಿಟಿ ಇಲ್ಲ" ಎಂದು ನನಗೇ ಹೇಳಿದರು, ನಾನೇ ತಯಾರಿಸಿ ತಂದ ಹಾಗೆ. ಆಗಲೇ ಮಗಳು ದೋಣಿಯ ಬದಿಗೆ ಬಂದು, ನೀರು ಹೋಗದ ಚೀಲದಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಫೋನಿನಲ್ಲಿ ನನ್ನ ಆ ಫೋಟೋ ತೆಗೆದದ್ದು. ನನಗೆ ಅಳು ಬರುತ್ತಿತ್ತು. ಇಷ್ಟು ದೂರ ಬಂದು, ಕೆಳಗೆ ಕಾಣುತ್ತಿರುವ ನೀರಿಗೆ ಮುಖ ಇಡಲಾರದೆ, ಬೆಲ್ಲದ ವಿಚಾರಕ್ಕೂ ಬಿಸಿನೀರಿನ ವಿಚಾರಕ್ಕೂ ಒಂದು ಆಯುಷ್ಯದ ಆಸೆಯನ್ನು ಬಲಿ ಕೊಟ್ಟು ವಾಪಸು ಹೋಗಬೇಕೇ?

ವಿಷಯ ಕೇಳಿ ಮಗಳು ಹಣೆ ಚಚ್ಚಿಕೊಂಡಳು. "ಅಪ್ಪಾ, ಇದೆಲ್ಲಾಂ ಟೂ ಮಚ್" ಎಂದಳು. ಆಮೇಲೆ ಆಗಷ್ಟೇ ತನ್ನ ಬಾಯಿಂದ ತೆಗೆದಿದ್ದ ಕೊಳವೆಯನ್ನು, ಜೊಲ್ಲು ಇಳಿಯುತ್ತಿದ್ದುದನ್ನು ಹಾಗೇ ನನ್ನ ಕಡೆ ಚಾಚಿದಳು. "ಅಮ್ಮಾ, ಇಂದಾ. ನೀ ಪೋ." ಕನ್ನಡ ಚೆನ್ನಾಗಿ ಅರ್ಥವಾದರೂ ಅವಳಿಗೆ ನಾಲಿಗೆ ತಿರುಗುವುದು ತಮಿಳಿಗೇ.

ಅದನ್ನು ನೋಡಿದೆ. ಇದೇ ಬಾಯಿಗೆ ತುತ್ತಿಟ್ಟು, ಅವಳು ಉಗುಳಿದ್ದನ್ನು ಒರೆಸಿ, ಬಿಟ್ಟದ್ದನ್ನು ನಾನೇ ತಿಂದು ಸಾಕಿದವಳಲ್ಲವೇ? ಮಗುವಿನದು ಎಂಜಲೆಂದು ಯಾವತ್ತೂ ಅನ್ನಿಸಿರಲಿಲ್ಲ. ಈಗೇಕೆ ಅನ್ನಿಸಬೇಕು ಎಂದು ಬಾಯಿಗೆ ಹಾಕಿಕೊಂಡೆ. ಉಪ್ಪುಪ್ಪಾಗಿತ್ತು. ಉಗುಳು ಸವರಿದ ಗಾಜನ್ನೂ ಕಣ್ಣಿಗೇರಿಸಿ, ಏಣಿ ಇಳಿದು, ದೋಣಿಯವನು ಹಿಡಿದಿದ್ದ ರಬ್ಬರ್ ರಿಂಗು ಹಿಡಿದೆ. ಮುಖ ನೀರಿಗಿಟ್ಟೆ.

ಮೊದಲು ಕೇಳಿಸಿದ್ದು ನನ್ನ ಉಸಿರು. ಆಮೇಲೆ ಚಟಪಟ ಎಂಬ ಸಣ್ಣ ಸದ್ದು. ಹಸಿರು ನೀಲಿ ಮೀನೊಂದು ಹವಳವನ್ನು ಮೂತಿಯಿಂದ ಕೆರೆದು ಕೆರೆದು ತಿನ್ನುತ್ತಿತ್ತು, ಸದ್ದು ಅದರದು. ಸಮುದ್ರದ ಅಡಿ ಮೂಕವಾಗಿರುತ್ತದೆ ಎಂದುಕೊಂಡಿದ್ದೆ. ವಿಡಿಯೋದಲ್ಲಿ ಈ ಸದ್ದು ಇರಲಿಲ್ಲ. ಕಲ್ಲಿನ ಸಂದಿಯಲ್ಲಿ ಒಂದು ದೊಡ್ಡ ಚಿಪ್ಪು ಬಾಯಿ ತೆರೆದುಕೊಂಡಿತ್ತು. ಅದರ ಅಂಚಿಗೆ ನೇರಳೆ ಬಣ್ಣ, ನಡುನಡುವೆ ಹಸಿರು ಚುಕ್ಕೆ, ಇಂಥದೊಂದು ಕಂಬಿ ಟಿ. ನಗರದ ಯಾವ ಸೀರೆಯಲ್ಲೂ ನಾನು ಕಂಡಿಲ್ಲ. ನನ್ನ ನೆರಳು ಮೇಲೆ ಬಿದ್ದದ್ದೇ ಮೆಲ್ಲನೆ ಮುಚ್ಚಿಕೊಂಡಿತು. ಚಿಕ್ಕ ಮೀನುಗಳು ನನ್ನ ಕೈ ಬೆರಳುಗಳ ಹತ್ತಿರ ಬಂದು ನೋಡಿ ಹೋದವು. ಖುಷಿಗೆ ಏನೋ ಕೂಗಿದೆ, ಕೊಳವೆಯೊಳಗೆ ಅದು ವಿಚಿತ್ರವಾಗಿ ಮೊಳಗಿತು. ಇದನ್ನು ಇವರಿಗೆ ತೋರಿಸಬೇಕು, ಈಗಲೇ ತೋರಿಸಬೇಕು ಎಂಬ ಒಂದೇ ಯೋಚನೆ. ಬೆಳಿಗ್ಗೆಯಿಂದ ಹಲ್ಲು ಕಡಿಯುತ್ತಿದ್ದುದೆಲ್ಲ ಮರೆತುಹೋಗಿತ್ತು.

ತಲೆ ಎತ್ತಿ, ಕೊಳವೆ ತೆಗೆದು, "ಬನ್ನಿ, ಬೇಗ ಬನ್ನಿ!" ಎಂದು ಕೂಗಿದೆ. ಇವರಿಗೆ ಈಜು ಬಾರದು, ಆದರೂ ಜಾಕೆಟ್ಟು ಇತ್ತು, ರಿಂಗು ಇತ್ತು. ನನ್ನ ಆಶ್ಚರ್ಯಕ್ಕೆ ಏಣಿ ಇಳಿದು ನೀರಿಗೆ ಬಂದೇಬಿಟ್ಟರು. ನೀರು ತಣ್ಣಗೆ ತಾಗಿ ಹೋ ಎಂದು ನಕ್ಕರು. ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ಇನ್ನು ಸ್ವಲ್ಪವೇ ಹೊತ್ತು ಎಂದ ದೋಣಿಯವನು. ನಾನು ಮುಖವಾಡ ಬಿಚ್ಚಿ ಕೊಳವೆಯ ಸಮೇತ ಅವರ ಕೈಗೆ ಕೊಟ್ಟೆ.

ಅವರು ಕೊಳವೆಯ ತುದಿಯನ್ನು ನೋಡಿದರು. ಎರಡು ಬೆರಳಿನಲ್ಲಿ ಹಿಡಿದುಕೊಂಡರು. ಸಮುದ್ರದಲ್ಲಿ ಅದ್ದಿ ಅಲ್ಲಾಡಿಸಿದರು. ಎತ್ತಿ ನೋಡಿ ಮತ್ತೆ ಅದ್ದಿದರು, ಹೆಬ್ಬೆರಳಿನಿಂದ ಒಳಗೆಲ್ಲ ಉಜ್ಜಿದರು, ಮತ್ತೆ ಅದ್ದಿದರು. ಮುಖದಲ್ಲಿ ಕೋಪವಿರಲಿಲ್ಲ, ಅಸಹ್ಯವೂ ಇರಲಿಲ್ಲ. ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುವಾಗಿನ ಮುಖವೇ ಅದು.

ಮದುವೆಯಾದ ಹೊಸತರಲ್ಲಿ, ಅತ್ತೆ ಹೇಳಿದ ಹಾಗೆ, ಇವರು ಉಂಡು ಎದ್ದ ಎಲೆಯಲ್ಲೇ ನಾನು ಕೂತು ಉಣ್ಣುತ್ತಿದ್ದೆ. ಒಂದೆರಡು ದಿನವಲ್ಲ, ಮಗಳು ಹುಟ್ಟುವವರೆಗೂ. ಇವರು ಕಲಸಿಬಿಟ್ಟ ಅನ್ನದ ಪಕ್ಕದಲ್ಲೇ ನನ್ನ ಅನ್ನ ಬೀಳುತ್ತಿತ್ತು. ಆ ಎಲೆಗೆ ಒಂದು ಹನಿ ನೀರು ಚಿಮುಕಿಸಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಇವರು ನಾಲ್ಕನೆಯ ಸಲ ಅದ್ದಲು ಹೊರಟರು. ನಾನು ಕೈ ಚಾಚಿ ಕೊಳವೆಯನ್ನು ಕಿತ್ತುಕೊಂಡೆ, ಮುಖವಾಡವನ್ನೂ ತೆಗೆದುಕೊಂಡು ಕಣ್ಣಿಗೇರಿಸಿದೆ.

"ಎಂತ, ಈಗ ನನ್ನ ಸರದಿ ಅಲ್ವಾ?" ಎಂದರು.

ಕೊಳವೆ ಆಗಲೇ ನನ್ನ ಬಾಯಲ್ಲಿತ್ತು. ರಿಂಗನ್ನು ಅವರಿಗೇ ಬಿಟ್ಟು, ಮುಖ ನೀರಿಗಿಟ್ಟು, ಅವರ ಪಾಲಿನ ಹೊತ್ತನ್ನೂ ನಾನೇ ನೋಡಿದೆ.