ಅಕ್ಕನಿಗೆ ಬಂದದ್ದು ಮೂರ್ಛೆರೋಗವಲ್ಲ

ಅಕ್ಕನನ್ನು ಮಾಸೂರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಅವಳ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಯುದ್ಧದ ದಿನಗಳು; ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟ ಹೊಗೆಯಿಂದ ಓಡುತ್ತಿದ್ದವು. ಅಂಥದೊಂದು ಬಸ್ಸು ಹಿಡಿದು ತಿಳವಳ್ಳಿಯಿಂದ ನಾನು ಅಕ್ಕನ ಮನೆಗೆ ಹೋಗಿದ್ದೆ. ನನಗೆ ಆಗ ಹದಿನೇಳು.

ಮೂರನೆಯ ದಿನ ಮುಂಜಾನೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ಬಡಿಯುವ ಸಪ್ಪಳ ನಿಂತಿತು.

"ತಲಿ ಸಿಡದಂಗ ಆತು ನೋಡ, ತಂಗಿ," ಎಂದು ಹಿಟ್ಟಿನ ಕೈಗಳಿಂದಲೇ ತಲೆ ಒತ್ತಿಕೊಂಡಳು. ವಾಂತಿಯಾಯಿತು. ನಾನು ಏಳುವಷ್ಟರಲ್ಲಿ ಪಕ್ಕಕ್ಕೆ ಉರುಳಿದಳು. ಕೈಕಾಲು ಸೆಟೆದು ಜಗ್ಗತೊಡಗಿದವು, ಬಾಯಲ್ಲಿ ನೊರೆ.

ಅವಳ ಅತ್ತೆ ಓಡಿಬಂದು ಅಕ್ಕನ ಕೈಯಲ್ಲಿ ಕಬ್ಬಿಣದ ಕೀಲಿ ಇಟ್ಟರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಸೆಳವು ನಿಂತಿತು, ಎಚ್ಚರ ಬರಲಿಲ್ಲ. ಆಗ ಅವರು ನನ್ನ ಕಡೆ ತಿರುಗಿದರು.

"ನಿಮ್ಮಕ್ಕಗ ಮೂರ್ಛಿ ರೋಗ ಇತ್ತೇನ? ಮುಚ್ಚಿಟ್ಟು ಕೊಟ್ರೇನ ನಮಗ?"

"ಇಲ್ರಿ, ಒಮ್ಮಿನೂ ಬಂದಿಲ್ರಿ."

ಅವರು ನಂಬಲಿಲ್ಲ.

ಭಾವ ಬಂಡಿ ಹೂಡಿದರು. ಹಿರೇಕೆರೂರಿನ ದವಾಖಾನೆ ಮುಟ್ಟುವವರೆಗೂ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಇನ್ನೊಮ್ಮೆ ಸೆಳವು ಬಂತು. ವಯಸ್ಸಾದ ಡಾಕ್ಟರು ರೆಪ್ಪೆ ಎತ್ತಿ ನೋಡಿದರು, ಕುತ್ತಿಗೆ ಬಗ್ಗಿಸಲು ನೋಡಿದರು. ಬಗ್ಗಲಿಲ್ಲ.

"ಇದು ಮೂರ್ಛಿ ರೋಗ ಅಲ್ರಿ. ತಲಿಯೊಳಗ ರಕ್ತನಾಳ ಒಡದೈತಿ. ರಕ್ತ ಸೋರಿದ್ದಕ್ಕ ಸೆಳವು ಬಂದಾವ."

"ಉಳಿತಾಳೇನ್ರಿ?" ಭಾವ ಕೇಳಿದರು.

"ಅಲಗಾಡಿಸಬ್ಯಾಡ್ರಿ. ನೋಡೂಣು."

ನೋಡುವುದರ ಹೊರತು ಆಗ ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮರುದಿನ ಅಪ್ಪ ಅವ್ವ ಬಂದರು. ಔಷಧಕ್ಕೆ ಸೆಳವು ನಿಂತಿತ್ತು. ಅದರ ಮರುದಿನ ಅಕ್ಕ ಕಣ್ಣು ತೆರೆದು ಅವ್ವನನ್ನು ನೋಡಿದಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಸೆಳವು ನಿಂತಿತಲ್ಲ, ಇನ್ನು ಗುಣವಾದಂತೆಯೇ ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿದರು. ಡಾಕ್ಟರು ಮಾತ್ರ ದಿನಾ ಬಂದು ಅವಳ ಕುತ್ತಿಗೆ ಬಗ್ಗಿಸಿ ನೋಡುತ್ತಿದ್ದರು. ಎಂಟನೆಯ ದಿನ ಮಧ್ಯಾಹ್ನ, ಅವ್ವ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಾಗ, ಅಕ್ಕ ಒಮ್ಮೆ ನರಳಿದಳು. ಉಸಿರು ಗೊರಗುಟ್ಟಿ ನಿಂತುಹೋಯಿತು. ನಾಳ ಮತ್ತೆ ಒಡೆದಿದೆ ಎಂದರು ಡಾಕ್ಟರು. ಬಾಚಣಿಗೆ ಅವಳ ಕೂದಲಲ್ಲೇ ಇತ್ತು.

ಭಾವ ಎಷ್ಟು ಜನರಿಗೆ ತಿಳಿಹೇಳಿದರೂ ಊರವರ ಬಾಯಲ್ಲಿ ಅದು ಮೂರ್ಛೆರೋಗವಾಗಿಯೇ ಉಳಿಯಿತು. ಹಾನಗಲ್ಲಿನಲ್ಲಿ ಗೊತ್ತಾಗಿದ್ದ ನನ್ನ ಮದುವೆಯ ಸಂಬಂಧ ಅದೇ ಮಾತಿಗೆ ಮುರಿಯಿತು. ಅದಕ್ಕಾಗಿ ನಾನು ಅಳಲಿಲ್ಲ; ಅಳು ಬೇರೆ ಕಡೆ ಖರ್ಚಾಗಿತ್ತು. ಕೆಲವು ತಿಂಗಳಿಗೆ ಭಾವ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು.

"ಅಲ್ಲಿ ಕೂಸು ಚಳಿಗೆ ನಡುಗಿದ್ರೂ ಎಲ್ಲಾರೂ ಹೆದರಿ ದೂರ ಸರೀತಾರ. ನಿಮ್ಮ ಹತ್ರನ ಬೆಳೀಲ್ರಿ," ಎಂದರು ಅಪ್ಪನಿಗೆ. ಹೊರಟು ನಿಂತವರು ಎರಡು ಸಲ ತಿರುಗಿ ಬಂದು ಮಗುವಿನ ತಲೆ ಸವರಿದರು.

ಒಂದು ದಿನ ಮಗು ನನ್ನ ಸೆರಗು ಹಿಡಿದು "ಅವ್ವಾ" ಎಂದಿತು. ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟು ಹಿತ್ತಲಿಗೆ ಹೋದಳು, ಬಹಳ ಹೊತ್ತು ಒಳಗೆ ಬರಲಿಲ್ಲ. "ನಾ ನಿಮ್ಮವ್ವ ಅಲ್ಲ, ಚಿಗವ್ವ" ಎಂದು ತಿದ್ದಲು ನಾನು ಬಾಯಿ ತೆರೆದೆ. ತಿದ್ದಲಾಗಲಿಲ್ಲ.