ಎಮ್ಮೆಗೆ ಕೊಟ್ಟ ಪಾಸ್‌ವರ್ಡ್

ನನ್ನ ಹಳೆಯ ವಿದ್ಯಾರ್ಥಿನಿ ಶಶಿಕಲಾ ಹೋದ ತಿಂಗಳು ಒಂದೇ ಹೊತ್ತಿನಲ್ಲಿ ಎರಡು ಕಡೆ ಇದ್ದಳು.

ಚಿತ್ತವಾಡ್ಗಿಯ ತನ್ನ ಮನೆಯಲ್ಲಿ ಅಕ್ಕನ ಸೀಮಂತಕ್ಕೆ (ನಮ್ಮ ಕಡೆ ಕುಬಸ ಅನ್ನುತ್ತೇವೆ) ಬಂದವರಿಗೆ ಹೋಳಿಗೆ ಬಡಿಸುತ್ತಿದ್ದಳು. ಅದೇ ಹೊತ್ತಿಗೆ ಸಂಡೂರು ರಸ್ತೆಯ ಕಾಟಾದಲ್ಲಿ ಕಂಪ್ಯೂಟರ್ ಮುಂದೆ ಕೂತು ಅದಿರಿನ ಲಾರಿಗಳನ್ನು ತೂಗುತ್ತಿದ್ದಳು. ಹೋಳಿಗೆ ತಿಂದವರು ಓಣಿ ತುಂಬ ಇದ್ದಾರೆ. ಲಾರಿ ತೂಗಿದ್ದನ್ನು ಕಂಡವರು ಒಬ್ಬರೂ ಇಲ್ಲ. ಆದರೂ ಗೆದ್ದದ್ದು ಕಾಟಾ. ಯಾಕೆಂದರೆ ಹಾಗೆ ಹೇಳಿದ್ದು ಕಂಪ್ಯೂಟರ್.

ಕಾಟಾದ ಮಾಲೀಕರು ಮಲ್ಲಣ್ಣ. ಮೊದಲು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಚೀನಾದವರಿಗೆ ನಮ್ಮ ಕೆಂಪು ಮಣ್ಣು ಬೇಕಂತೆ ಎಂದು ಗೊತ್ತಾದದ್ದೇ ತಡ, ಗಿರಣಿಯನ್ನು ತಮ್ಮನಿಗೆ ಬಿಟ್ಟು ಲಾರಿ ಕೊಂಡರು, ಕಾಟಾ ಹಾಕಿದರು, ಬಿಳಿ ಬೂಟು ತೊಟ್ಟರು. (ಕೆಂಪು ಧೂಳಿನ ಊರಲ್ಲಿ ಬಿಳಿ ಬೂಟು ತೊಡುವುದಕ್ಕೂ ಒಂದು ಧೈರ್ಯ ಬೇಕು.) ಲಾರಿ ತೂಗಿದ ಕೂಡಲೇ ಆ ವಿವರ ಇಂಟರ್‌ನೆಟ್ ಮೂಲಕ ಹೊಸಪೇಟೆಯ ಅವರ ಆಫೀಸಿಗೆ ಹೋಗುತ್ತದೆ. ಕಳಿಸುವಾಗ ಆಪರೇಟರ್ ಆದ ಶಶಿಕಲಾಳ ಹೆಸರು, ಪಾಸ್‌ವರ್ಡ್ ಜೊತೆಗೇ ಹೋಗುತ್ತವೆ.

ಅವಳು ರಜೆಯಲ್ಲಿದ್ದ ದಿನ ಅವಳ ಹೆಸರಿನಲ್ಲಿ ಬಾರದ ಲಾರಿಗಳು ಬಂದವು, ಇಲ್ಲದ ಅದಿರು ತುಂಬಿಕೊಂಡು ತೂಗಿಸಿಕೊಂಡು ಹೋದವು. ಮಲ್ಲಣ್ಣ ಆಫೀಸಿನ ಎಲ್ಲರೆದುರು, ಡ್ರೈವರ್‌ಗಳೆದುರು, ಇವಳು ಪಾಸ್‌ವರ್ಡ್ ಮಾರಿಕೊಂಡಿದ್ದಾಳೆ ಎಂದುಬಿಟ್ಟರು. ನಾಳೆಯಿಂದ ಬರಬೇಡ ಎಂದರು.

ಹೊಸಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನನ್ನ ಬಳಿ ಅವಳು ಬಂದು ಕೂತಾಗ ಅಳು ನಿಂತಿತ್ತು, ಸಿಟ್ಟು ಶುರುವಾಗಿತ್ತು. "ಕೆಲ್ಸ ಹೋದ್ರ ಹೋಗ್ಲಿ ಮೇಡಂ. ಕಳ್ಳಿ ಅನ್ನಿಸ್ಕೊಂಡು ಆ ಓಣ್ಯಾಗ ಹೆಂಗ ತಿರುಗ್ಯಾಡ್ಲಿ?" ಎಂದಳು.

ನನಗೂ ಸಿಟ್ಟು ಬಂತು. ಆಟೋ ಹಿಡಿದು ಇಬ್ಬರೂ ಕಾಟಾಕ್ಕೆ ಹೋದೆವು. ಮಲ್ಲಣ್ಣ ನನ್ನನ್ನು ಕೂರಿಸಿದರು, ಶಶಿಕಲಾಳನ್ನು ನಿಲ್ಲಿಸಿದರು. ಆಮೇಲೆ, "ನೋಡ್ರಿ ಮೇಡಂ, ಮನುಷ್ಯಾರು ಸುಳ್ಳ ಹೇಳ್ತಾರ. ಕಂಪ್ಯೂಟರ್ ಹೇಳೂದಿಲ್ಲ," ಎಂದು ವೇದವಾಕ್ಯ ನುಡಿದರು. ಆ ಸತ್ಯಸಂಧ ಕಂಪ್ಯೂಟರಿನ ನೆತ್ತಿಗೆ ಕುಂಕುಮ, ಮಾನಿಟರಿಗೆ ನಿಂಬೆಹಣ್ಣು. ಆಯುಧಪೂಜೆಯ ಹೊತ್ತಿಗೆ ಕಟ್ಟಿದ್ದಿರಬೇಕು, ಒಣಗಿ ನೆಲ್ಲಿಕಾಯಿಯಷ್ಟಾಗಿತ್ತು.

ಪ್ರೋಗ್ರಾಮ್ ಬರೆದ ಬೆಂಗಳೂರಿನ ಇಂಜಿನಿಯರ್ ಕೂಡ ಅಲ್ಲೇ ಇದ್ದ. ಒಳಗೆ ಕಳ್ಳ ನುಗ್ಗಲು ದಾರಿ ಇದೆಯೇ ಎಂದು ಕೇಳಿದ್ದಕ್ಕೆ ನಕ್ಕ. "ಚಾನ್ಸೇ ಇಲ್ಲ ಮೇಡಂ. ಎಚ್‌ಟಿಟಿಪಿಎಸ್ ಹಾಕಿದೀನಿ, ಬ್ಯಾಂಕ್‌ನೋರು ಹಾಕಲ್ವಾ, ಅದೇ," ಎಂದ.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು, ಸಹಿಸಿಕೊಳ್ಳಿ. ಈ ಎಚ್‌ಟಿಟಿಪಿಎಸ್ ಅನ್ನುವುದಕ್ಕೆ ಎರಡು ಕೆಲಸ. ನಡುವೆ ಇರುವವರಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಗುಟ್ಟು ಹೇಳುವುದು ಒಂದು. ಆ ಕಿವಿ ಯಾರದು ಅಂತ ನೋಡುವುದು ಇನ್ನೊಂದು. ನೋಡುವುದಕ್ಕೆಂದೇ ಆಚೆ ಬದಿಯವರು ಒಂದು ಸರ್ಟಿಫಿಕೇಟ್ ತೋರಿಸುತ್ತಾರೆ, ನಾನು ಇಂಥವನು, ನನಗೆ ಇಂಥವರು ಸಾಕ್ಷಿ ಎಂದು.

ಇದು ಹೊಸದೇನೂ ಅಲ್ಲ. ನಮ್ಮತ್ತೆ ಜೀವನಪರ್ಯಂತ ಮಾಡಿಕೊಂಡು ಬಂದದ್ದು ಇದನ್ನೇ. ಬಾಗಿಲಿಗೆ ಗುರುತಿಲ್ಲದವರು ಬಂದರೆ ಅತ್ತೆಯ ಮೊದಲ ಪ್ರಶ್ನೆ, ಯಾವೂರು? ಎರಡನೆಯದು, ಯಾರ ಪೈಕಿ? ಕಡ್ಡಿರಾಂಪುರದ ಬಸಮ್ಮನ ಮೈದುನ ಅಂದರೆ ಸಾಲದು. ಬಸಮ್ಮ ಯಾರ ಮಗಳು? ಆ ಅಪ್ಪ ಯಾರ ಬೀಗ? ತನಗೆ ಖುದ್ದು ಗೊತ್ತಿರುವ ಒಬ್ಬರ ಹೆಸರು ಬರುವವರೆಗೆ ಅವರು ಬಿಡುವುದಿಲ್ಲ. ಬಂದ ಮೇಲೆಯೇ ಕುಂದ್ರಿ, ಚಾ ಕುಡೀರಿ. ಸರ್ಟಿಫಿಕೇಟ್ ಪರಿಶೀಲನೆ ಅಂದರೆ ಇಷ್ಟೇ.

ಇಂಜಿನಿಯರ್ ಬಳಸಿದ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೊಂದು ಲೈಬ್ರರಿ ಇದೆ. ಲೈಬ್ರರಿ ಅಂದರೆ ಯಾರೋ ಬರೆದಿಟ್ಟ, ಉಳಿದವರು ಎತ್ತಿಕೊಂಡು ಬಳಸುವ ಸಿದ್ಧ ಕೋಡು. ಅದು ಗುಟ್ಟನ್ನೇನೋ ಚೆನ್ನಾಗಿ ಹೇಳುತ್ತದೆ. ಆದರೆ ಯಾರ ಪೈಕಿ ಎಂದು ಕೇಳಿ, ಉತ್ತರ ಬರುವ ಮೊದಲೇ ಚಾ ತಂದಿಡುತ್ತದೆ. ಭಾಷೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಭಕ್ತರು ಸಂಪಾದಕರಿಗೆ ಪತ್ರ ಬರೆಯುತ್ತಾರೆ. ಅದೊಂದೇ ಅಲ್ಲ, ಬೇರೆ ಕೆಲವು ಭಾಷೆಗಳಿಗೂ ಇದೇ ರೋಗ. ನಾವು ವೆಬ್‌ಸೈಟ್ ನೋಡುವ ಬ್ರೌಸರ್ ಆದರೂ ಈ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಕಿರುಚುತ್ತದೆ. (ನಾವು ಓದದೆ ಓಕೆ ಒತ್ತುತ್ತೇವೆ, ಆ ಮಾತು ಬೇರೆ.) ಈ ಲೈಬ್ರರಿ ಕೆಮ್ಮುವುದೂ ಇಲ್ಲ.

ಹಾಗಂತ ಮುಚ್ಚಿಟ್ಟಿದ್ದಾರೆಯೇ? ಇಲ್ಲ. ನಾವು ಪರಿಶೀಲನೆ ಮಾಡುವುದಿಲ್ಲ, ಬೇಕಾದವರು ನೀವೇ ಮಾಡಿಕೊಳ್ಳಿ ಎಂದು ಅದರ ಕೈಪಿಡಿಯಲ್ಲೇ ಬರೆದಿದೆ. ಅದನ್ನು ಓದಿದ್ದೀಯೇನಪ್ಪಾ ಎಂದು ಕೇಳಿದೆ. ಡೆಡ್‌ಲೈನ್ ಇತ್ತು ಎಂದ.

ಬಾಯಲ್ಲಿ ಹೇಳಿದರೆ ಮಲ್ಲಣ್ಣ ನಂಬುವವರಲ್ಲ. ಅವರ ಒಪ್ಪಿಗೆ ಪಡೆದು ನನ್ನ ಹಳೆಯ ಲ್ಯಾಪ್‌ಟಾಪನ್ನು ಇಂಟರ್‌ನೆಟ್ ತಂತಿಯ ನಡುವೆ ಕೂರಿಸಿದೆ. ಪುಕ್ಕಟೆ ಸಿಗುವ ಒಂದು ಟೂಲ್ ಹಿಡಿದು ನಾನೇ ಒಂದು ಸರ್ಟಿಫಿಕೇಟ್ ಮಾಡಿದೆ. ಹೆಸರು: ಗೌರಿ. ಸಂಸ್ಥೆ: ಎಮ್ಮೆ. ಊರು: ಚಿತ್ತವಾಡ್ಗಿ. ಸಾಕ್ಷಿ: ಅದೇ ಎಮ್ಮೆ. (ಗೌರಿ ಶಶಿಕಲಾಳ ಪಕ್ಕದ ಮನೆಯ ಎಮ್ಮೆ, ಹಾಲು ಗಟ್ಟಿ.) ಹೊರಗೆ ಒಂದು ಲಾರಿ ಕಾಟಾ ಹತ್ತಿತು. ಶಶಿಕಲಾಳ ಜಾಗದಲ್ಲಿ ಕೂತಿದ್ದ ಹೊಸ ಆಪರೇಟರ್ ಬಟನ್ ಒತ್ತಿದ. ಅವನ ಹೆಸರು, ಪಾಸ್‌ವರ್ಡ್, ಲಾರಿಯ ತೂಕ ಎಲ್ಲವೂ ನನ್ನ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಪ್ರೋಗ್ರಾಮ್ ಎಮ್ಮೆಯನ್ನು ಹೊಸಪೇಟೆ ಆಫೀಸು ಎಂದು ತಿಳಿದು ಗುಟ್ಟನ್ನೆಲ್ಲ ಒಪ್ಪಿಸಿತ್ತು.

ಹಾಗಾದರೆ ನಿಜವಾಗಿ ನಡುವೆ ಕೂತವರು ಯಾರು? ಕಾಟಾಕ್ಕೆ ಪ್ರತ್ಯೇಕ ಇಂಟರ್‌ನೆಟ್ ಲೈನ್ ಇರಲಿಲ್ಲ. ಪಕ್ಕದ ಬ್ರೌಸಿಂಗ್ ಸೆಂಟರಿನಿಂದ ಒಂದು ತಂತಿ ಎಳೆದುಕೊಂಡಿದ್ದರು. ಅಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ದೇವರಿಗೇ ಗೊತ್ತು. ಪೊಲೀಸರಿಗೆ ಹೇಳಿ, ಹಿಡಿಯಬಹುದು ಎಂದೆ. ಮಲ್ಲಣ್ಣ ಗಾಬರಿಯಾದರು. ಆ ಲಾರಿಗಳ ತೂಕ ಕೇಳಲು ಬಂದವರು ಉಳಿದ ಲಾರಿಗಳ ತೂಕವನ್ನೂ ಕೇಳಿದರೆ? ಬೇಡವೇ ಬೇಡ ಎಂದರು.

ಹೋಗಲಿ, ಪರಿಶೀಲನೆಯನ್ನಾದರೂ ಸೇರಿಸಿ ಎಂದೆ. ಇಂಜಿನಿಯರ್ ಕಿವಿ ಕೆರೆದುಕೊಂಡ. ಸೇರಿಸಿದರೆ ಹೊಸಪೇಟೆ ಆಫೀಸಿನ ಅಸಲಿ ಸರ್ವರನ್ನೂ ಪ್ರೋಗ್ರಾಮ್ ಒಪ್ಪುವುದಿಲ್ಲವಂತೆ, ಅದರ ಸರ್ಟಿಫಿಕೇಟನ್ನೂ ಅವನೇ ಮನೆಯಲ್ಲಿ ಕೂತು ಮಾಡಿದ್ದಂತೆ. ಬೇರೆ ತರಿಸುವವರೆಗೆ ಲಾರಿ ನಿಲ್ಲುತ್ತವೆಯೇ ಎಂದು ಮಲ್ಲಣ್ಣ ಕೇಳಿದರು. ಒಂದೆರಡು ದಿನ ನಿಲ್ಲಬಹುದು ಎಂದ.

"ಹಂಗಾದ್ರ ಬ್ಯಾಡ ಬಿಡ್ರಿ. ಇದ್ದಂಗ ಇರ್ಲಿ," ಎಂದರು ಮಲ್ಲಣ್ಣ.

ನನಗೆ ಮೈ ಉರಿಯಿತು. ಲೈಬ್ರರಿ ಬರೆದವನು ಕೋಡು ಬಳಸುವವನು ನೋಡಿಕೊಳ್ಳಲಿ ಎಂದ. ಬಳಸಿದವನು ಲೈಬ್ರರಿ ನೋಡಿಕೊಂಡಿರುತ್ತದೆ ಎಂದ. ಮಾಲೀಕರು ಲಾರಿ ಓಡಿದರೆ ಸಾಕು ಎಂದರು. ನೋಡಬೇಕಾದವರು ಯಾರೂ ನೋಡದೆ ಹೋದದ್ದಕ್ಕೆ ಸಿಕ್ಕಿಬಿದ್ದವಳು ಹೋಳಿಗೆ ಬಡಿಸುತ್ತಿದ್ದ ಹುಡುಗಿ. ನಮ್ಮ ಜಿಲ್ಲೆಯಲ್ಲಿ ಇದು ಕಂಪ್ಯೂಟರಿಗೆ ಮೊದಲೂ ಹೀಗೇ ಇತ್ತು, ಬಿಡಿ. ಈಗ ವೇಗ ಬಂದಿದೆ.

ಕೊನೆಗೆ ಮಲ್ಲಣ್ಣ ಉದಾರ ಮನಸ್ಸು ಮಾಡಿದರು. ಶಶಿಕಲಾ ಕೆಲಸಕ್ಕೆ ಬರಬಹುದು. ಅವಳದು ತಪ್ಪಿಲ್ಲ ಎಂದು ಡ್ರೈವರ್‌ಗಳೆದುರು ಹೇಳುತ್ತೀರಾ ಎಂದು ಕೇಳಿದೆ. ಉತ್ತರದ ಬದಲು ಒಂದು ಷರತ್ತು ಬಂತು. ಊರಲ್ಲಿ ಹೆಸರಿರುವ ಇಬ್ಬರು ದೊಡ್ಡವರು ಬಂದು, ಈ ಹುಡುಗಿ ನಂಬಿಕಸ್ಥೆ ಎಂದು ಆಫೀಸಿನಲ್ಲಿ ಹೇಳಿ ಹೋಗಬೇಕಂತೆ. ಸುಮ್ಮನೆ ಒಂದು ಭದ್ರತೆಗೆ.

ನಾನು ಒಬ್ಬಳಾಗುತ್ತೇನೆ ಎಂದು ಬಾಯಿ ತೆರೆದೆ. ಶಶಿಕಲಾ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ಅಷ್ಟು ಹೊತ್ತು ನಿಂತೇ ಇದ್ದವಳು ಕುರ್ಚಿ ಎಳೆದುಕೊಂಡು ಮಲ್ಲಣ್ಣನ ಎದುರು ಕೂತಳು.

"ಆಗ್ಲಿ ಅಣ್ಣಾರ, ಕರ್ಕೊಂಡ್ ಬರ್ತೀನಿ. ಆದ್ರ ಮೊದ್ಲು ನಿಮ್ಮ ಪರವಾಗಿ ಇಬ್ರು ಬಂದು ನನ್ ಮುಂದ ಹೇಳ್ಲಿ, ಈ ಮನುಷ್ಯಾನ್ನ ನಂಬಬೌದು ಅಂತ. ಆಮ್ಯಾಲ ನಾ ಕೆಲ್ಸಕ್ಕ ಬರ್ತೀನಿ."

ಸಂಡೂರು, ಹೊಸಪೇಟೆ, ಕಂಪ್ಲಿ ಕಡೆ ಅಂಥ ಇಬ್ಬರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಹುಡುಗಿ ಇನ್ನೂ ಮನೆಯಲ್ಲೇ ಇದ್ದಾಳೆ.