ಗುಡ್ಡದವರ ಹೊಟ್ಟೆ

ಎಲ್ಲರೂ ಅವಳನ್ನು ಡಬ್ಬಿ ಅಕ್ಕ ಅನ್ನುತ್ತಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾರು ವರ್ಷ ಮಲದ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು. ಕ್ಯಾಂಟೀನಿಗೆ ಬಂದರೆ ಪಕ್ಕದವರು ಮೂಗು ಮುರಿದು ಎದ್ದು ಹೋಗುತ್ತಿದ್ದರು. ಅದೇ ಶುಚಿವಂತರು ಹೊಟ್ಟೆ ಕೆಟ್ಟ ದಿನ ಅವಳ ಕಿಟಕಿಯೆದುರು ಹಲ್ಲು ಗಿಂಜುತ್ತಿದ್ದರು.

ಒಂದು ವರ್ಷ ದೊಡ್ಡ ಡಾಕ್ಟರಿಗೆ ಸಂಶೋಧನೆಯ ಹುಚ್ಚು ಹಿಡಿಯಿತು. ಕರುಳಿನ ಬ್ಯಾಕ್ಟೀರಿಯಾ ಎಲ್ಲ ಜನರಲ್ಲೂ ಒಂದೇ ಥರ ಇರುವುದಿಲ್ಲ. ಗೆಡ್ಡೆ, ಸೊಪ್ಪು, ಒರಟು ಧಾನ್ಯ ತಿನ್ನುವ ಗುಡ್ಡದವರ ಹೊಟ್ಟೆಯಲ್ಲಿ ಪೇಟೆಯವರು ಕಳೆದುಕೊಂಡ ಎಷ್ಟೋ ಬಗೆ ಉಳಿದಿರಬೇಕು, ಅದನ್ನು ತೋರಿಸಬೇಕು ಅಂತ. ವಿಚಾರ ಒಳ್ಳೆಯದೇ. ಆದರೆ ಆ ಮಹಾಶಯರ ಬೂಟಿಗೆ ಧೂಳು ಆಗದು. ಗುಡ್ಡದ ಈಚೆ ಬದಿಯ ಮೂವತ್ತು ಮನೆ ಅಕ್ಕನ ಪಾಲಿಗೆ ಬಂತು. ಆಚೆ ಬದಿಯ ಮೂವತ್ತು ಸೂಪರ್‌ವೈಸರಿಗೆ. ಆತ ಡಾಕ್ಟರ ಷಡ್ಡಕ. ಅದೊಂದೇ ಅವನ ಅರ್ಹತೆ.

ಅಕ್ಕ ಮನೆಮನೆ ಹತ್ತಿದಳು. ಒಬ್ಬ ಅಜ್ಜಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಇಷ್ಟು ವರ್ಷ ನಮ್ಮ ಮಾತು ಕೇಳೋಕೆ ಒಬ್ಬನೂ ಬರ್ಲಿಲ್ಲ. ಈಗ ಇದು ಬೇಕಾಯ್ತಾ ನಿಮ್ಮ ಸಾಹೇಬ್ರಿಗೆ?"

"ನಿಮ್ಮ ಹೊಟ್ಟೇಲಿ ಇರೋದು ಅವರ ಹೊಟ್ಟೇಲಿ ಇಲ್ವಂತೆ, ಅಜ್ಜಿ."

"ಅದು ನಂಗೂ ಗೊತ್ತು ಬಿಡು," ಅಂತ ಅಜ್ಜಿ ಡಬ್ಬಿ ಒಳಗೆ ಒಯ್ದಳು.

ಅಕ್ಕನಿಗೆ ಹನ್ನೆರಡು ದಿನ ಹಿಡಿಯಿತು. ಷಡ್ಡಕ ಒಂದೇ ಮಧ್ಯಾಹ್ನಕ್ಕೆ ಮೂವತ್ತೂ ತಂದಿಟ್ಟ. ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ.

ಫಲಿತಾಂಶ ಬಂತು. ಅಕ್ಕ ತಂದವುಗಳಲ್ಲಿ ಅಣ್ಣನ ಮನೆಯದು ಬೇರೆ, ತಮ್ಮನ ಮನೆಯದು ಬೇರೆ. ಆಚೆ ಬದಿಯ ಮೂವತ್ತೂ ಪಡಿಯಚ್ಚು, ಅದೂ ಅಪ್ಪಟ ಪೇಟೆ ಹೊಟ್ಟೆ. ಡಾಕ್ಟರು ಉಬ್ಬಿಹೋದರು. "ಒಂದೇ ಗುಡ್ಡ, ಎರಡು ಜನಾಂಗ! ಲೋಕವೇ ಬೆರಗಾಗತ್ತೆ!"

"ಸರ್, ಅವಳಿಜವಳಿಯದ್ದೂ ಹೀಗೆ ಹೊಂದಲ್ಲ," ಅಂದಳು ಅಕ್ಕ. "ಇದು ಒಬ್ಬರದೇ."

"ನೀನು ಚೀಟಿ ಅಂಟಿಸು. ವಿಜ್ಞಾನ ನನಗೆ ಬಿಡು."

ವಿಜ್ಞಾನವಂತೆ! ಅಕ್ಕ ರಜೆ ಹಾಕಿ ಆಚೆ ಬದಿಗೆ ಹೋದಳು. ಯಾರೂ ಬಂದೇ ಇಲ್ಲ ಅಂದರು ಅಲ್ಲಿಯವರು. ಮೂವತ್ತು ಮನೆಯ ಡಬ್ಬಿಗಳನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೊತ್ತು ತಂದು, ಡಾಕ್ಟರು ಫಲಿತಾಂಶ ಸಾರಲು ಕರೆದಿದ್ದ ಮೇಲಧಿಕಾರಿಗಳ ಸಭೆಯ ನಡುವೆ ಮೇಜಿನ ಮೇಲಿಟ್ಟಳು. ಆಮೇಲೆ ಷಡ್ಡಕನ ಮುಂದೆ ಒಂದು ಖಾಲಿ ಡಬ್ಬಿ ಹಿಡಿದಳು.

"ಸರ್, ನಿಮ್ಮದೊಂದು ಕೊಡಿ. ಆ ಮೂವತ್ತರ ಜೊತೆ ಹೋಲಿಸಿ ನೋಡೋಣ."

ಅವನ ಮುಖದಲ್ಲಿ ನೀರಿಳಿಯಿತು. "ನಂಗೆ... ನಾಲ್ಕು ದಿನದಿಂದ ಮಲಬದ್ಧತೆ," ಅಂತ ತೊದಲಿದ. ಒಬ್ಬ ಅಧಿಕಾರಿ ಗೊಳ್ಳೆಂದು ನಕ್ಕುಬಿಟ್ಟ.

ಹೊಸ ಡಬ್ಬಿಗಳ ಪರೀಕ್ಷೆಯಾಯಿತು. ಗುಡ್ಡದ ಎರಡು ಬದಿಯೂ ಪೇಟೆಗಿಂತ ಶ್ರೀಮಂತ ಅಂತ ಗೊತ್ತಾಯಿತು. ಷಡ್ಡಕನನ್ನು ಉಗ್ರಾಣಕ್ಕೆ ತಳ್ಳಿದರು. ಡಾಕ್ಟರು ಮಾತ್ರ ನಾಚಿಕೆ ಬಿಟ್ಟು ಪ್ರಬಂಧ ಅಚ್ಚು ಹಾಕಿಸಿದರು. ಕೊನೆಯ ಕೃತಜ್ಞತೆಯಲ್ಲಿ ಷಡ್ಡಕನ ಹೆಸರಿತ್ತು, ಅಕ್ಕನದು ಇರಲಿಲ್ಲ.

ಮರುವರ್ಷ ಅವರೇ ಅವಳನ್ನು ಕರೆಸಿದರು. "ಕಡಲ ತೀರದವರ ಹೊಟ್ಟೆಯನ್ನೂ ನೋಡೋಣ ಅಂತಿದೀನಿ. ನೀನೇ ಹೋಗಬೇಕಮ್ಮ."

ಅಕ್ಕ ಮೂವತ್ತು ಖಾಲಿ ಡಬ್ಬಿಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

"ಬಸ್ಸು ಬೆಳಿಗ್ಗೆ ಆರಕ್ಕೆ, ಸರ್. ಬೂಟು ಬಿಚ್ಚಿಟ್ಟು ಹೋಗಿ, ಮರಳು ತುಂಬ್ಕೊಳತ್ತೆ."